ಮನೆಯೊಳಗಿನ ತಪ್ಪು: ಕ್ರೈಸ್ತ ಶ್ರದ್ಧೆಯ ಬೆಳಕಿನಲ್ಲಿ

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯ ನೂರು ವರ್ಷಗಳಲ್ಲಿ ಏಳು ವರ್ಷಗಳು ನನ್ನವು. 1958ರ ಜೂನ್ ತಿಂಗಳಲ್ಲಿ ತಂದೆಯ ಕೈ ಹಿಡಿದು ನಾನು ಇಲ್ಲಿಯ ಒಂದನೆಯ ಇಯತ್ತೆಗೆ ಬಂದೆ. ಆಗ ನಮ್ಮ ಜಿಲ್ಲೆಗೆ ದಕ್ಷಿಣ ಸಾತಾರಾ ಎಂಬ ಹೆಸರಿತ್ತು. ಅದು ಸಾಂಗಲಿ ಜಿಲ್ಲೆಯಾದದ್ದು 1960ರಲ್ಲಿ. ಜಿಲ್ಲೆಯ ಹೆಸರು ಬದಲಾದರೂ ನಮ್ಮ ವರ್ಗದ ಕರಿಹಲಗೆಯ ಮೇಲಿನ ಅಕ್ಷರ ಬದಲಾಗಲಿಲ್ಲ. ಮಿರಜದ ಪೇಟೆಯಲ್ಲಿ ಮರಾಠಿ, ನಿಲ್ದಾಣದಲ್ಲಿ ಹಿಂದಿ, ದರ್ಗಾದ ಓಣಿಯಲ್ಲಿ ಉರ್ದು ಕೇಳುತ್ತ ಬಂದ ನಮಗೆ ಈ ಗೋಡೆಗಳೊಳಗೆ ತಾಯಿನುಡಿ ದೊರೆಯಿತು. ಆ ಋಣವನ್ನು ಮಾತಿನಿಂದ ತೀರಿಸಲಾಗದು.

ಮಿರಜದ ಮಿಷನ್ ಆಸ್ಪತ್ರೆಯ ಇತಿಹಾಸವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿದ್ದರು. ಮೂವತ್ತೈದು ವರ್ಷ ದಾದಿಯಾಗಿ ದುಡಿದವಳಿಗೆ ಅದು ಸಹಜವಾದ ವಿಷಯವೇ. ಆದರೆ ಕಳೆದ ವರ್ಷ ಇದೇ ಶಾಲೆಯ ಒಬ್ಬ ಬಾಲಕಿ ನನ್ನ ಬಳಿ ಬಂದು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. “ಅಜ್ಜೀ, ಹೊರಗಿನವರು ತಪ್ಪು ಮಾಡಿದರೆ ಗುರುಗಳಿಗೆ ಹೇಳಬಹುದು. ಮನೆಯವರೇ ತಪ್ಪು ಮಾಡಿದರೆ ಯಾರಿಗೆ ಹೇಳಬೇಕು?” ಎಂದು ಅವಳು ಕೇಳಿದಳು. ಆಗ ನಾನು ಕೊಟ್ಟ ಉತ್ತರ ಅರೆಕೊರೆಯಾದದ್ದು. ಇಂದು ಅದನ್ನು ಪೂರ್ತಿಗೊಳಿಸಲು ಪ್ರಯತ್ನಿಸುತ್ತೇನೆ. ನಾನು ಕ್ರೈಸ್ತಳು, ಆದುದರಿಂದ ನನ್ನ ಶ್ರದ್ಧೆಯ ಮಾತುಗಳಲ್ಲಿಯೇ ಹೇಳುತ್ತೇನೆ. ಇಲ್ಲಿ ಕುಳಿತ ಲಿಂಗಾಯತ, ಜೈನ, ಮುಸಲ್ಮಾನ ಬಂಧುಗಳು ಅದನ್ನು ತಮ್ಮ ತಮ್ಮ ಮನೆಯ ಭಾಷೆಗೆ ತಿರುಗಿಸಿಕೊಳ್ಳಬೇಕೆಂದು ವಿನಂತಿ. ಬಾಗಿಲು ಮುಚ್ಚಿದ ಮೇಲೆ ಎಲ್ಲ ಮನೆಗಳೂ ಬಹಳಮಟ್ಟಿಗೆ ಒಂದೇ.

ನಮ್ಮ ಮನೆತನ ಈ ಊರಿಗೆ ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕೆನಡಾದಲ್ಲಿ ಹುಟ್ಟಿದ ವೈದ್ಯರಾದ ವಿಲಿಯಂ ವಾನ್ಲೆಸ್ ಅವರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಮಿರಜದ ಆಸ್ಪತ್ರೆ ತೆರೆಯಿತು. 1928ರಲ್ಲಿ ಅವರಿಗೆ ‘ಸರ್’ ಪದವಿ ಬಂದಿತು. ಸಾಂಗಲಿ ಮಿರಜಗಳ ನಡುವಿನ ವಾನ್ಲೆಸವಾಡಿ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅಥಣಿ, ಚಿಕ್ಕೋಡಿ, ಬೆಳಗಾವಿ, ವಿಜಯಪುರಗಳ ಕಡೆಯ ಕನ್ನಡ ಜನ ಬಂಡಿ ಕಟ್ಟಿಕೊಂಡು, ರೈಲು ಹತ್ತಿ ಈ ಊರಿಗೆ ಔಷಧಕ್ಕಾಗಿ ಬರುತ್ತಿದ್ದರು. ನನ್ನ ಅಜ್ಜ ಹಾಗೆ ಅಥಣಿಯ ಕಡೆಯಿಂದ ರೋಗಿಯಾಗಿ ಬಂದು, ಗುಣಹೊಂದಿ, ಇಲ್ಲಿಯೇ ಉಳಿದವನು. ಮನೆಯಲ್ಲಿ ಕನ್ನಡ, ಆರಾಧನೆಯಲ್ಲಿ ಮರಾಠಿ. ತಾಯಿ ಮಾತ್ರ ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಕನ್ನಡ ಸತ್ಯವೇದವನ್ನೇ ಓದುತ್ತಿದ್ದಳು. ದೇವರಿಗೆ ಎಲ್ಲ ಭಾಷೆ ತಿಳಿದಿದ್ದರೂ ತನಗೆ ಒಂದೇ ತಿಳಿದಿದೆ ಎನ್ನುತ್ತಿದ್ದಳು.

ಪ್ರಾರ್ಥನೆ ತಪ್ಪದ ಆ ಮನೆಯಲ್ಲಿಯೇ ತಪ್ಪೂ ನಡೆಯಿತು. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ತನ್ನ ಕಣ್ಣಿನ ತೊಲೆಯನ್ನು ತೆಗೆಯದೆ ಸಹೋದರನ ಕಣ್ಣಿನ ರವೆಯನ್ನು ತೆಗೆಯ ಹೋಗಬಾರದೆಂಬುದು ಯೇಸುಸ್ವಾಮಿಯ ಬೋಧನೆ. ಜಗತ್ತನ್ನು ನೆಟ್ಟಗೆ ಮಾಡ ಹೊರಡುವವರು ಮೊದಲು ತಮ್ಮನ್ನು ನೆಟ್ಟಗೆ ಮಾಡಿಕೊಳ್ಳಲಿ ಎಂಬ ಅರ್ಥದ ಬಸವಣ್ಣನವರ ವಚನವನ್ನು ನಾನು ಇದೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆದರೂ ಆರನೆಯ ಇಯತ್ತೆಯಲ್ಲಿದ್ದಾಗ ನಾನು ಪಕ್ಕದ ಹುಡುಗಿಯ ಹೊಸ ಕಂಪಾಸ ಪೆಟ್ಟಿಗೆಯನ್ನು ಕದ್ದೆ.

ನಮ್ಮ ಗುರುಗಳು ಅದನ್ನು ಕಂಡಿದ್ದರು. ವರ್ಗದಲ್ಲಿ ಒಂದು ಮಾತನ್ನೂ ಆಡಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನೊಬ್ಬಳನ್ನೇ ಕರೆದರು. “ನಿನ್ನ ಚೀಲದಲ್ಲಿ ನಿನ್ನದಲ್ಲದ್ದು ಏನಿದೆ?” ಎಂದು ಕೇಳಿದರು. ನಾನು ಅತ್ತೆ. ಅಳುವಿಗೆ ಅವರು ಕರಗಲಿಲ್ಲ, ಬಯ್ಯಲೂ ಇಲ್ಲ. “ನಾಳೆ ಬೆಳಿಗ್ಗೆ ಅವಳ ಕೈಗೆ ನೀನೇ ಕೊಡಬೇಕು. ಕೊಡುವಾಗ ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ” ಎಂದರು. ಮರುದಿನ ಕೊಟ್ಟೆ. ಅವರು ನಿಂತಿದ್ದರು. ನನ್ನ ಮನೆಗೆ ತಿಳಿಸಲಿಲ್ಲ. ಕೆಲವು ವಾರಗಳ ತರುವಾಯ ಖಡುವಿನ ಕಪಾಟಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, “ಇನ್ನು ಮೇಲೆ ಇದು ನಿನ್ನ ಜವಾಬ್ದಾರಿ” ಎಂದರು.

ಆ ಗುರುಗಳು ಹಣೆಗೆ ವಿಭೂತಿ ಧರಿಸುವವರು, ಸತ್ಯವೇದವನ್ನು ಓದಿದವರಲ್ಲ. ಆದರೆ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತೋರಿಸಿದ ದಾರಿ ಅದೇ. ನಿನ್ನ ಸಹೋದರನು ತಪ್ಪು ಮಾಡಿದರೆ ಮೊದಲು ನೀವಿಬ್ಬರೇ ಇರುವಾಗ ಅವನಿಗೆ ತಿಳಿಸಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಈ ಕ್ರಮದಲ್ಲಿ ಎರಡು ಗುಟ್ಟುಗಳಿವೆ. ತಪ್ಪಿತಸ್ಥನ ಮಾನವನ್ನು ಸಾಧ್ಯವಾದಷ್ಟು ಕಾಯಬೇಕು ಎಂಬುದೊಂದು. ಮಾನ ಕಾಯುವ ನೆಪದಲ್ಲಿ ತಪ್ಪನ್ನೇ ಕಾಯಬಾರದು ಎಂಬುದು ಇನ್ನೊಂದು. ನಮ್ಮ ಮನೆಯಲ್ಲಿ ನಾವು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟೆವು.

ನನಗಿಂತ ಎಂಟು ವರ್ಷ ಹಿರಿಯನಾದ ಅಣ್ಣನೊಬ್ಬನಿದ್ದ. ಚೆನ್ನಾಗಿ ಹಾಡುತ್ತಿದ್ದ, ಲೆಕ್ಕದಲ್ಲಿ ಜಾಣ. ನಮ್ಮ ಸಭೆಯವರು ಅವನನ್ನು ನಂಬಿ ಸುಗ್ಗಿಹಬ್ಬದ ಕಾಣಿಕೆಯ ಲೆಕ್ಕವನ್ನು ಒಪ್ಪಿಸಿದರು. 1969ರಲ್ಲಿ ಆ ಹಣದಲ್ಲಿ 640 ರೂಪಾಯಿ ಕಡಿಮೆ ಬಿದ್ದಿತು. ಕುಡಿತಕ್ಕೂ ಜೂಜಿಗೂ ಹೋಗಿತ್ತು. ತಂದೆಗೆ ಒಂದು ದಿನ ಮೊದಲೇ ತಿಳಿಯಿತು. ಅವರು ರಾತ್ರಿಯೇ ತಾಯಿಯ ಎರಡು ಬಳೆಗಳನ್ನು ಒತ್ತೆಯಿಟ್ಟು ಹಣ ತುಂಬಿದರು. ಲೆಕ್ಕ ಸರಿಯಾಯಿತು. ಅಣ್ಣನಿಗೆ ಅವರು ಅಂದದ್ದು ಇಷ್ಟೇ: “ಇನ್ನೊಮ್ಮೆ ಹೀಗೆ ಮಾಡಬೇಡ.” ನಮಗೆ ಹೇಳಿದ್ದು: “ಈ ಮಾತು ಹೊಸ್ತಿಲು ದಾಟಬಾರದು.” ಅಣ್ಣ ಆ ಹಣವನ್ನು ಹಿಂತಿರುಗಿಸಲಿಲ್ಲ, ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ತಾಯಿ ಬರಿಗೈಯಲ್ಲಿ ಹಬ್ಬದ ಆರಾಧನೆಗೆ ಬಂದಳು. ಬಳೆ ಎಲ್ಲಿ ಎಂದು ಕೇಳಿದವರಿಗೆ ಕೈ ಊದಿದೆ ಎಂದಳು. ಅಣ್ಣ ಮಾಡಿದ ಕಳವಿಗಾಗಿ ತಾಯಿ ಸುಳ್ಳು ಹೇಳಬೇಕಾಯಿತು. ಮುಚ್ಚಿಟ್ಟ ಪಾಪ ಹೀಗೆಯೇ. ಮಾಡಿದವನಲ್ಲಿ ನಿಲ್ಲದೆ ಮನೆಯ ಎಲ್ಲರಿಗೂ ಒಂದೊಂದು ಪಾಲು ಹಂಚುತ್ತದೆ.

ಸತ್ಯವೇದದಲ್ಲಿ ಶಿಲೋವಿನ ಯಾಜಕನಾದ ಏಲಿಯ ಕಥೆಯಿದೆ. ಅವನ ಮಕ್ಕಳಾದ ಹೊಫ್ನಿ, ಫೀನೆಹಾಸರು ಯಜ್ಞದ ಮಾಂಸವನ್ನು ಬಲವಂತವಾಗಿ ಕಸಿಯುತ್ತಿದ್ದರು. ಸೇವೆಗೆ ಬಂದ ಹೆಂಗಸರೊಡನೆ ಅಯೋಗ್ಯವಾಗಿ ನಡೆದುಕೊಳ್ಳುತ್ತಿದ್ದರು. ಏಲಿ ಸುಮ್ಮನಿರಲಿಲ್ಲ, ಬುದ್ಧಿಮಾತು ಹೇಳಿದ. ಆದರೆ ಅವರ ಕೈಯಿಂದ ಅಧಿಕಾರವನ್ನು ತೆಗೆಯಲಿಲ್ಲ. ದೇವರು ಅವನ ಮೇಲೆ ಹೊರಿಸಿದ ದೋಷ ಅದೇ: ತಿಳಿದಿದ್ದೂ ತಡೆಯಲಿಲ್ಲ. ಮಾತು ಹೇಳುವುದು ಬೇರೆ, ತಡೆಯುವುದು ಬೇರೆ. ನನ್ನ ತಂದೆಯೂ ಮಾತು ಹೇಳಿದರು; ಮುಂದಿನ ವರ್ಷದ ಲೆಕ್ಕದ ಪುಸ್ತಕ ಮತ್ತೆ ಅಣ್ಣನ ಕೈಗೆ ಹೋಗುವುದನ್ನು ಮಾತ್ರ ತಡೆಯಲಿಲ್ಲ. ತಡೆದರೆ ಕಾರಣ ಹೇಳಬೇಕಾಗುತ್ತಿತ್ತು.

ದಾವೀದ ಅರಸನ ಮನೆಯ ಕಥೆ ಇದಕ್ಕಿಂತ ಕಹಿಯಾದದ್ದು. ಅವನ ಹಿರಿಯ ಮಗ ಅಮ್ನೋನನು ತನ್ನ ತಂಗಿಯಾದ ತಾಮಾರಳ ಬಾಳನ್ನು ಕೆಡಿಸಿದ. ಅರಸನಿಗೆ ಸುದ್ದಿ ಮುಟ್ಟಿತು, ಬಹಳ ಕೋಪಗೊಂಡ, ಏನನ್ನೂ ಮಾಡಲಿಲ್ಲ. ತಾಮಾರಳು ತನ್ನ ಅಣ್ಣ ಅಬ್ಷಾಲೋಮನ ಮನೆಯಲ್ಲಿ ಒಂಟಿಯಾಗಿ ಉಳಿದಳು. ಅಳಬೇಡ, ಅವನು ನಿನ್ನ ಅಣ್ಣನಲ್ಲವೇ ಎಂಬರ್ಥದ ಸಮಾಧಾನ ಅವಳಿಗೆ ದೊರೆಯಿತು. ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಈ ಮಾತನ್ನು ಕೇಳಿದ್ದಾರೆ! ಎರಡು ವರ್ಷ ಕಾದು ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿ ಓಡಿಹೋದ. ಮೂರು ವರ್ಷದ ಮೇಲೆ ತಂದೆ ಅವನನ್ನು ಊರಿಗೆ ಕರೆಸಿಕೊಂಡ, ಆದರೆ ಇನ್ನೆರಡು ವರ್ಷ ಮುಖ ನೋಡಲಿಲ್ಲ. ಆಮೇಲೆ ಆ ಮಗ ತಂದೆಯ ಮೇಲೆಯೇ ದಂಗೆ ಎದ್ದ. ದಾವೀದನು ಒಬ್ಬ ಮಗನ ಪಾಪಕ್ಕೆ ಮೌನವನ್ನು ಕೊಟ್ಟ, ಇನ್ನೊಬ್ಬನಿಗೆ ಅರ್ಧ ಕ್ಷಮೆಯನ್ನು ಕೊಟ್ಟ. ಎರಡರಿಂದಲೂ ಮನೆ ಉಳಿಯಲಿಲ್ಲ. ಸ್ವತಃ ಪಾಪ ಮಾಡಿದ ತಂದೆಗೆ ಮಕ್ಕಳ ಪಾಪದ ಮುಂದೆ ನಾಲಗೆ ಏಳದಿರುವುದುಂಟು. ಅದೂ ಆ ಕಥೆಯೊಳಗಿನ ಪಾಠ.

ಅಣ್ಣನಿಗೆ ಮದುವೆಯಾಯಿತು. ಕುಡಿತ ಹೆಚ್ಚಿತು. ಅವನು ಹೆಂಡತಿಯನ್ನು ಹೊಡೆಯತೊಡಗಿದ. ಅತ್ತಿಗೆಯ ತೋಳಿನ ಮೇಲಿನ ಗುರುತುಗಳನ್ನು ನಾನು ದಾದಿಯ ಕಣ್ಣಿನಿಂದ ನೋಡಿದೆ. ಅವು ಬಾಗಿಲು ತಗಲಿ ಆದ ಗಾಯಗಳಲ್ಲವೆಂದು ನನಗೆ ತಿಳಿದಿತ್ತು. ಸಭೆಯ ಕೆಲವು ಹಿರಿಯ ಹೆಂಗಸರು ಅವಳಿಗೆ ಹೇಳಿದ್ದು: “ಸಹಿಸಿಕೋ, ಕ್ಷಮಿಸು, ಅದು ನಿನ್ನ ಶಿಲುಬೆ.” ಈ ಮಾತನ್ನು ನಾನು ಇಂದು ಎಲ್ಲರೆದುರಿಗೆ ಅಲ್ಲಗಳೆಯುತ್ತೇನೆ. ಕರ್ತನು ತನ್ನ ಶಿಲುಬೆಯನ್ನು ತಾನೇ ಒಪ್ಪಿ ಹೊತ್ತನು. ಇನ್ನೊಬ್ಬರ ಬೆನ್ನಿನ ಮೇಲೆ ಹೊಡೆತವನ್ನು ಹೇರಿ ಅದಕ್ಕೆ ಶಿಲುಬೆಯೆಂದು ಹೆಸರಿಡುವ ಅಧಿಕಾರ ಯಾರಿಗೂ ಇಲ್ಲ.

ಆಗ ನಾನು ಏನು ಮಾಡಿದೆ? ಅಣ್ಣನೊಡನೆ ಮಾತು ಬಿಟ್ಟೆ. ಆರು ವರ್ಷ ಮಾತನಾಡಲಿಲ್ಲ. ಅವನು ಒಳಗೆ ಬಂದರೆ ನಾನು ಹೊರಗೆ ಹೋಗುತ್ತಿದ್ದೆ. ಅವನು ಕುಳಿತ ಪಂಕ್ತಿಯಲ್ಲಿ ಊಟ ಮಾಡುತ್ತಿರಲಿಲ್ಲ. ನನ್ನ ನಡತೆ ಶುದ್ಧವೆಂಬ ಒಂದು ಹೆಮ್ಮೆ ಆ ಮೌನದೊಳಗೆ ಬೆಚ್ಚಗೆ ಕುಳಿತಿತ್ತು. ಮಾತು ಬಿಟ್ಟದ್ದರಿಂದ ಅತ್ತಿಗೆಗೆ ಒಂದು ಹೊಡೆತವೂ ಕಡಿಮೆಯಾಗಲಿಲ್ಲ. ನಾನು ಪಾಪದಿಂದ ದೂರವಿದ್ದೇನೆಂದು ತಿಳಿದಿದ್ದೆ. ನೋವುಂಡವಳಿಂದಲೂ ಅಷ್ಟೇ ದೂರವಿದ್ದೆ.

ಲೂಕನ ಸುವಾರ್ತೆಯಲ್ಲಿ ತಪ್ಪಿಹೋದ ಮಗನ ಸಾಮ್ಯವಿದೆ. ಕ್ರೈಸ್ತರಲ್ಲದವರೂ ಅದನ್ನು ಬಲ್ಲರು. ಪಾಲು ಕೇಳಿ ಹೊರಟುಹೋದ ಕಿರಿಯ ಮಗ, ಹಂದಿ ಮೇಯಿಸಿ ಹಸಿದು ಮರಳಿ ಬಂದಾಗ ಓಡಿಬಂದು ಅಪ್ಪಿಕೊಂಡ ತಂದೆ. ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೇವೆ. ಆದರೆ ಹೊಲದಿಂದ ಬಂದ ಹಿರಿಯ ಮಗ ಹೊಸ್ತಿಲ ಹೊರಗೆ ನಿಂತಿದ್ದಾನೆ. ಅವನು ತಮ್ಮನನ್ನು ತಮ್ಮನೆಂದು ಕರೆಯುವುದಿಲ್ಲ. ತಂದೆಯ ಮಗನೆಂದಷ್ಟೇ ಅನ್ನುತ್ತಾನೆ. ತಂದೆ ಉತ್ತರ ಕೊಡುವಾಗ, ಅವನು ನಿನಗೆ ತಮ್ಮನೆಂಬುದನ್ನು ನೆನಪಿಗೆ ತರುತ್ತಾನೆ. ಸಾಮ್ಯ ಮುಗಿದಾಗ ಹಿರಿಯವನು ಒಳಗೆ ಬಂದನೋ ಇಲ್ಲವೋ ತಿಳಿಯದು. ಆರು ವರ್ಷ ಆ ಹೊಸ್ತಿಲ ಹೊರಗೆ ನಿಂತಿದ್ದವಳು ನಾನು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ನನ್ನ ತಂದೆಯ ಕಿರಿಯ ತಂಗಿ ಬೇರೆ ಧರ್ಮದ ಒಬ್ಬ ಸಜ್ಜನನನ್ನು ಮದುವೆಯಾದಳು. ಅವಳು ಯಾರದನ್ನೂ ಕದಿಯಲಿಲ್ಲ, ಯಾರನ್ನೂ ಹೊಡೆಯಲಿಲ್ಲ. ಅವಳಿಗೆ ನಮ್ಮ ಮನೆಯ ಬಾಗಿಲು ಹನ್ನೊಂದು ವರ್ಷ ಮುಚ್ಚಿತ್ತು. ಅದೇ ಮನೆಯಲ್ಲಿ ಸಭೆಯ ಹಣ ಕದ್ದ ಮಗನಿಗೆ ಬಿಸಿ ಅನ್ನವಿತ್ತು. ನಮ್ಮ ತಕ್ಕಡಿಯಲ್ಲಿದ್ದ ತೂಕದ ಕಲ್ಲು ದೇವರ ನೀತಿಯದಾಗಿರಲಿಲ್ಲ, ಊರವರ ಮಾತಿನದಾಗಿತ್ತು. ಊರಿಗೆ ತಿಳಿದದ್ದು ಪಾಪ, ಊರಿಗೆ ತಿಳಿಯದ್ದು ಮನೆಯ ವಿಷಯ. ಆದುದರಿಂದ ಮನೆಯವರೊಬ್ಬರನ್ನು ಪಾಪಿಯೆಂದು ಕರೆಯುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇದರಿಂದ ಯಾರಿಗೆ ನೋವಾಗಿದೆ? ಒಬ್ಬ ಮನುಷ್ಯನಿಗೋ, ಅಥವಾ ನಮ್ಮ ಪ್ರತಿಷ್ಠೆಗೋ?

ಇದಕ್ಕೆ ಮಹಾರಾಷ್ಟ್ರದವರೆಲ್ಲರೂ ಬಲ್ಲ ಒಂದು ಉದಾಹರಣೆಯಿದೆ. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತದೀಕ್ಷೆ ಪಡೆದಾಗ ಅವರ ಬಂಧುಗಳ ಕಣ್ಣಿಗೆ ಅದೇ ಮಹಾಪಾಪವಾಗಿ ಕಂಡಿತು. ಪತ್ನಿ ಲಕ್ಷ್ಮೀಬಾಯಿ ಅವರು ವರ್ಷಗಟ್ಟಲೆ ಗಂಡನಿಂದ ಅಗಲಿ ಬಾಳಿದರು. ಆದರೆ ಇಬ್ಬರೂ ಸಂಬಂಧದ ಎಳೆಯನ್ನು ಪೂರ್ತಿ ಹರಿಯಲಿಲ್ಲ. ಮತ್ತೆ ಕೂಡಿದ ಮೇಲೂ ಆಕೆ ತನ್ನ ಆಚಾರವನ್ನು ಒಮ್ಮೆಲೇ ಬಿಡಲಿಲ್ಲ. ತನ್ನ ಮನಸ್ಸು ಒಪ್ಪಿದ ಮೇಲೆ, ತನ್ನದೇ ಕಾಲದಲ್ಲಿ, ಆಕೆ ದೀಕ್ಷೆ ಪಡೆದರು. 1930ರ ದಶಕದಲ್ಲಿ ಪ್ರಕಟವಾದ ಆಕೆಯ ಆತ್ಮಕಥೆ ‘ಸ್ಮೃತಿಚಿತ್ರೆ’ಯಲ್ಲಿ ತಂದೆಯ ಮಡಿಯ ಹುಚ್ಚೂ ಇದೆ, ಗಂಡನ ಮುಂಗೋಪವೂ ಇದೆ. ಯಾವುದನ್ನೂ ಆಕೆ ಮುಚ್ಚಿಡಲಿಲ್ಲ, ಯಾರನ್ನೂ ದ್ವೇಷಿಸಲಿಲ್ಲ. ಮನೆಯವರ ಬಗ್ಗೆ ಸತ್ಯ ಹೇಳಿಯೂ ಅವರನ್ನು ಪ್ರೀತಿಸಬಹುದೆಂಬುದಕ್ಕೆ ಆ ಪುಸ್ತಕ ಸಾಕ್ಷಿ.

ನಮ್ಮ ಮನೆಯ ಕಥೆಗೆ ಮರಳುತ್ತೇನೆ. ತಂದೆ 1980ರಲ್ಲಿ ತೀರಿಕೊಂಡರು. ಕೊನೆಯ ವಾರದಲ್ಲಿ ನಾನು ಹಾಸಿಗೆಯ ಪಕ್ಕದಲ್ಲಿದ್ದೆ. ಅವರು ಬಳೆಗಳ ವಿಷಯವನ್ನು ತಾವಾಗಿಯೇ ತೆಗೆದರು. “ನಾನು ಮಗನನ್ನು ಉಳಿಸಿದೆ ಎಂದುಕೊಂಡೆ. ನಾನು ಉಳಿಸಿದ್ದು ಅವನ ಪಾಪವನ್ನು” ಎಂದರು. ತಾಯಿ ಆ ಮಾತನ್ನು ಕೇಳಿದಳು. ಮೂರನೆಯ ಇಯತ್ತೆಯವರೆಗೆ ಓದಿದ್ದ ಆ ಹೆಣ್ಣುಮಗಳು ಆಮೇಲೆ ಮಾಡಿದ ಕೆಲಸವನ್ನು ನಾನು ಯಾವ ದೈವಶಾಸ್ತ್ರದ ಪುಸ್ತಕದಲ್ಲಿಯೂ ಓದಿಲ್ಲ.

ಅವಳು ಮೊದಲು ಅತ್ತಿಗೆಯನ್ನೂ ಎರಡು ಮಕ್ಕಳನ್ನೂ ಕರೆತಂದು ಮುಂಗೋಣೆಯನ್ನು ಅವರಿಗೆ ಕೊಟ್ಟಳು. ಬಳಿಕ ಅಣ್ಣನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತನಾಡಿದಳು. ಅವನು ಕೇಳಲಿಲ್ಲ. ಮುಂದಿನ ವಾರ ಸಭಾಪಾಲಕರನ್ನೂ ಒಬ್ಬ ಹಿರಿಯರನ್ನೂ ಮನೆಗೆ ಕರೆಸಿ ಅವರ ಮುಂದೆ 1969ರ ಲೆಕ್ಕವನ್ನು ತಾನೇ ಬಿಚ್ಚಿಟ್ಟಳು. “ಈ ಪಾಪದಲ್ಲಿ ನನ್ನ ಪಾಲೂ ಇದೆ, ಕೈ ಊದಿದೆ ಎಂದು ಸುಳ್ಳು ಹೇಳಿದೆ” ಎಂದು ಒಪ್ಪಿಕೊಂಡಳು. ಅಣ್ಣನಿಗೆ ಅವಳು ಹಾಕಿದ ಕಟ್ಟಳೆ ಇಷ್ಟು: “ಹಸಿದು ಬಂದರೆ ಊಟವಿದೆ, ಎರಡು ಹೊತ್ತೂ ಇದೆ. ಕುಡಿದು ಬಂದರೆ ಹೊರಜಗಲಿಯಲ್ಲಿ ಕುಳಿತು ಉಣ್ಣಬೇಕು. ಮನೆಯ ಕೀಲಿ ನಿನಗೆ ಸಿಗದು. ಇವಳ ಮೇಲೆ ಕೈ ಎತ್ತಿದರೆ ನಾನೇ ಪೊಲೀಸ್ ಠಾಣೆಗೆ ಹೋಗುತ್ತೇನೆ. ನೀನು ನನ್ನ ಮಗ, ಅದರಲ್ಲಿ ಬದಲಿಲ್ಲ.” ಊಟ ಉಂಟು, ಕೀಲಿ ಇಲ್ಲ. ನಮ್ಮ ಗುರುಗಳು ಕೀಲಿಯನ್ನು ಕೊಟ್ಟದ್ದು ಪೆಟ್ಟಿಗೆ ಹಿಂದಿರುಗಿದ ಮೇಲೆ. ಪ್ರೀತಿಯನ್ನು ತಡೆಹಿಡಿಯಬೇಕಾಗಿಲ್ಲ, ನಂಬಿಕೆಯನ್ನು ಮಾತ್ರ ಸಂಪಾದಿಸಬೇಕಾಗುತ್ತದೆ.

ಯೋಸೇಫನ ಕಥೆಯಲ್ಲಿಯೂ ಹೀಗೆಯೇ. ತನ್ನನ್ನು ಮಾರಿದ ಅಣ್ಣಂದಿರು ಹಸಿದು ಐಗುಪ್ತಕ್ಕೆ ಬಂದಾಗ ಅವನು ಅವರ ಚೀಲ ತುಂಬಿಸಿ ಕಳುಹಿಸಿದ, ಅವರ ಹಣವನ್ನೂ ಹಿಂದಿರುಗಿಸಿದ. ಆದರೆ ಕೂಡಲೇ ತನ್ನ ಗುರುತು ಹೇಳಲಿಲ್ಲ. ಕಿರಿಯವನಾದ ಬೆನ್ಯಾಮೀನನ ಬದಲಿಗೆ ತಾನು ದಾಸನಾಗಿ ಉಳಿಯುತ್ತೇನೆಂದು ಯೂದನು ಮುಂದೆ ಬಂದ ದಿನ ಅವನ ಕಟ್ಟೆಯೊಡೆಯಿತು. ಒಮ್ಮೆ ತಮ್ಮನನ್ನು ಮಾರಲು ಸಲಹೆ ಕೊಟ್ಟವನೇ ಯೂದ. ಮಾನಸಾಂತರವೆಂದರೆ ಕಣ್ಣೀರಲ್ಲ; ಅದೇ ಸಂದರ್ಭ ಮತ್ತೆ ಬಂದಾಗ ಬೇರೆ ರೀತಿಯಲ್ಲಿ ನಡೆದುಕೊಳ್ಳುವುದು. ಪೌಲನು ಕೊರಿಂಥದವರಿಗೆ ಮೊದಲನೆಯ ಪತ್ರಿಕೆಯಲ್ಲಿ ದುರಾಚಾರಿಯನ್ನು ಸಭೆಯಿಂದ ಹೊರಗಿಡಬೇಕೆಂದು ಬರೆದ. ಎರಡನೆಯ ಪತ್ರಿಕೆಯಲ್ಲಿ, ದಂಡನೆಗೆ ಒಳಗಾದ ಒಬ್ಬನು ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಬೇಕೆಂದು ಬರೆದ. ಎರಡೂ ಪತ್ರಿಕೆಗಳನ್ನು ಓದದವರು ಅರ್ಧ ಓದಿದವರು.

ಮುಂದೆ ಏನಾಯಿತೆಂದು ನೀವು ಕೇಳಬಹುದು. ಅಣ್ಣ ಒಂದು ವರ್ಷ ಜಗಲಿಯಲ್ಲಿ ಉಂಡ. ಆಮೇಲೆ ಚಿಕಿತ್ಸೆಗೆ ಒಪ್ಪಿದ. ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಹಿಡಿದ. ಮೂರನೆಯ ಸಲ ಬಿಟ್ಟದ್ದು ನಿಂತಿತು. ಸಭೆಯ 640 ರೂಪಾಯಿಯನ್ನು ತಿಂಗಳಿಗೆ ಇಪ್ಪತ್ತರಂತೆ ತಾನೇ ದುಡಿದು ಕಟ್ಟಿದ. ತಂದೆ ತುಂಬಿದ್ದಾರೆ, ಬೇಡವೆಂದು ಹಿರಿಯರು ಹೇಳಿದರೂ ಕಟ್ಟಿದ. ಕೊನೆಯ ಕಂತಿನ ದಿನ ತಾಯಿ ಅವನಿಗೆ ಕೀಲಿ ಕೊಟ್ಟಳು. ಅತ್ತಿಗೆ ಮಾತ್ರ ಅವನೊಡನೆ ಮತ್ತೆ ಸಂಸಾರ ಮಾಡಲಿಲ್ಲ. ಕ್ಷಮಿಸಿದ್ದೇನೆ, ಆದರೆ ಮರಳಿ ಬರಲಾರೆ ಎಂದಳು. ತಾಯಿ ಅದನ್ನು ಗೌರವಿಸಿದಳು, ಅಣ್ಣನೂ ಕೊನೆಗೆ ಗೌರವಿಸಿದ. ಕ್ಷಮೆ ಕೊಟ್ಟವರು ತಮ್ಮ ಸುರಕ್ಷತೆಯನ್ನೂ ಕೊಟ್ಟುಬಿಡಬೇಕೆಂದು ಕ್ರೈಸ್ತಧರ್ಮ ಹೇಳುವುದಿಲ್ಲ. ಅಣ್ಣ 2003ರಲ್ಲಿ ತೀರಿಕೊಂಡಾಗ ಅವಳು ಅವನ ಹಾಸಿಗೆಯ ಬಳಿ ಇದ್ದಳು.

ನಾನು ಇರಲಿಲ್ಲ. ನಾವು ಮಾತನಾಡತೊಡಗಿದ್ದೆವು, ಹಬ್ಬಕ್ಕೆ ಕೂಡಿ ಉಣ್ಣುತ್ತಿದ್ದೆವು. ಆದರೆ ಆರು ವರ್ಷದ ನನ್ನ ಅಹಂಕಾರಕ್ಕಾಗಿ ನಾನು ಅವನ ಕ್ಷಮೆ ಕೇಳಲಿಲ್ಲ. ತಪ್ಪು ಮಾಡಿದವನು ಅವನು, ನಾನೇಕೆ ಕೇಳಬೇಕೆಂದುಕೊಂಡಿದ್ದೆ. ಕೇಳಬೇಕೆಂದು ಬರೆದ ಒಂದು ಕಾಗದ ನನ್ನ ಪೆಟ್ಟಿಗೆಯಲ್ಲಿ ಇಂದಿಗೂ ಇದೆ. ಮಕ್ಕಳೇ, ಆ ಬಾಲಕಿಯ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ನನಗಿದ್ದರೆ ಅದು ನನ್ನ ಪುಣ್ಯದಿಂದ ಬಂದದ್ದಲ್ಲ. ಆ ಕಾಗದದಿಂದ ಬಂದದ್ದು.

ಈಗ ಆ ಉತ್ತರವನ್ನು ಕ್ರಮವಾಗಿ ಹೇಳುತ್ತೇನೆ. ಮನೆಯಲ್ಲಿ ತಪ್ಪು ನಡೆದಾಗ ಮೊದಲು ನೋವುಂಡವರ ಕಡೆಗೆ ನೋಡಬೇಕು. ತಪ್ಪಿತಸ್ಥನ ಕಡೆಗೆ ಆಮೇಲೆ. ಹೊಡೆತ ತಿನ್ನುವವರನ್ನು ಮೊದಲು ಬೇರೆಡೆ ಸೇರಿಸಬೇಕು, ಮಾತುಕತೆ ಅದರ ನಂತರ. ತಪ್ಪು ಮಾಡಿದವರಿಗೆ ಒಂಟಿಯಾಗಿ, ಸ್ಪಷ್ಟವಾಗಿ, ಹೀಯಾಳಿಸದೆ ಹೇಳಬೇಕು. ಆದರೆ ಚಿಕ್ಕ ಮಕ್ಕಳು ಇದನ್ನು ಒಬ್ಬರೇ ಮಾಡಬೇಕಾಗಿಲ್ಲ, ಮಾಡಲೂಬಾರದು. ಹಿರಿಯರು ಮಕ್ಕಳಿಗೆ ನೋವುಂಟುಮಾಡಿದರೆ, ಯಾರಿಗೂ ಹೇಳಬೇಡವೆಂದು ಬೆದರಿಸಿದರೆ, ನಂಬಿಗಸ್ತ ಗುರುಗಳಿಗೆ ಕೂಡಲೇ ಹೇಳಬೇಕು. ಅದು ಮನೆಗೆ ಮಾಡುವ ದ್ರೋಹವಲ್ಲ. ಮಕ್ಕಳ ನೆರವಿಗಾಗಿಯೇ 1098 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಕಾನೂನಿನ ನೆರವು ಪಡೆಯುವುದು ಶ್ರದ್ಧೆಯ ಕೊರತೆಯಲ್ಲ. ಗಂಡನ, ಅವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ 498 ಎ ಕಲಮು 1983ರಲ್ಲಿ ಬಂದಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾನೂನು 2005ರಲ್ಲಿ ಬಂದಿತು. ಆ ಎರಡನೆಯ ಕಾನೂನು ಹೆಣ್ಣುಮಗಳಿಗೆ ತಾನಿರುವ ಮನೆಯಲ್ಲಿಯೇ ವಾಸಿಸುವ ಹಕ್ಕನ್ನು ಕೊಟ್ಟಿತು. ನನ್ನ ತಾಯಿ ಮುಂಗೋಣೆ ಕೊಟ್ಟು ಮಾಡಿದ್ದನ್ನು ದೇಶ ತಡವಾಗಿ ಕಾಯಿದೆಯಾಗಿ ಮಾಡಿತು. ಕುಡಿತವು ಪಾಪವೋ ರೋಗವೋ ಎಂದು ವಾದಿಸುತ್ತ ಕುಳಿತುಕೊಳ್ಳುವುದಕ್ಕಿಂತ ಚಿಕಿತ್ಸೆಗೆ ಕರೆದೊಯ್ಯುವುದು ಮೇಲು. ಪುಣೆಯಲ್ಲಿ ಡಾಕ್ಟರ್ ಅನಿತಾ ಅವಚಟ ಮತ್ತು ಅನಿಲ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣದಂಥ ಕೇಂದ್ರಗಳು ವ್ಯಸನಿಯ ಜೊತೆಗೆ ಮನೆಯವರಿಗೂ ತಿಳಿವಳಿಕೆ ಕೊಡುತ್ತವೆ. ಮನೆಯವರಿಗೂ ಗುಣವಾಗಬೇಕಾದುದು ಬಹಳವಿರುತ್ತದೆ.

ಸಾಂಗಲಿಯ ಜನರಾದ ನಮಗೆ ಕೃಷ್ಣೆಯ ಮಹಾಪೂರ ಹೊಸದಲ್ಲ. 1929ರಲ್ಲಿ ತೆರೆದ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟವನ್ನು ಅಳೆಯುತ್ತಾರೆ; 45 ಅಡಿ ಅಪಾಯದ ಮಟ್ಟ. 2005ರಲ್ಲಿಯೂ 2019ರಲ್ಲಿಯೂ ನೀರು ಅದನ್ನು ದಾಟಿ ಓಣಿಗಳಿಗೆ ನುಗ್ಗಿದ್ದನ್ನು ಕಂಡಿದ್ದೇವೆ. ಊರಿನ ಮಾನ ಹೋಗುತ್ತದೆಂದು ಮಟ್ಟವನ್ನು ಕಡಿಮೆ ಬರೆದರೆ ನೀರು ಇಳಿಯುವುದಿಲ್ಲ. ಹೊಳೆಯನ್ನು ಶಪಿಸಿದರೂ ಇಳಿಯುವುದಿಲ್ಲ. ಇದ್ದ ಮಟ್ಟವನ್ನು ಇದ್ದಂತೆ ಹೇಳಿ, ಮೊದಲು ಮಕ್ಕಳನ್ನು ದೋಣಿಗೆ ಏರಿಸಬೇಕು. ನೀರು ಇಳಿದ ಮೇಲೆ ಅದೇ ಹೊಳೆಯ ದಂಡೆಗೆ ನಾವು ಮರಳಿ ಬರುತ್ತೇವೆ, ಅದನ್ನು ತಾಯಿಯೆಂದೇ ಕರೆಯುತ್ತೇವೆ.

ಈ ಶಾಲೆಯ ಗುರುಗಳಲ್ಲಿ ನನ್ನದೊಂದು ಪ್ರಾರ್ಥನೆ. ಎರಡನೆಯ ಶತಮಾನಕ್ಕೆ ಕಾಲಿಡುವಾಗ ಹೊಸ ಕಟ್ಟಡ, ಗ್ರಂಥಾಲಯ, ಗಣಕಯಂತ್ರ ಎಲ್ಲವೂ ಬರಲಿ. ಅದರೊಡನೆ, ಶಾಲೆ ಬಿಟ್ಟ ಮೇಲೆ ಒಂದು ಮಗುವನ್ನು ಒಂಟಿಯಾಗಿ ಕರೆದು ಮಾತನಾಡಿಸುವ, ಅದರ ಮಾತನ್ನು ನಂಬಿ ಕೇಳುವ, ಮರುದಿನ ಬಾಗಿಲ ಹತ್ತಿರ ನಿಲ್ಲುವ ಒಬ್ಬ ಗುರು ಪ್ರತಿಯೊಂದು ವರ್ಗದಲ್ಲಿಯೂ ಇರಲಿ. ನನಗೆ ಅಂಥವರೊಬ್ಬರು ದೊರೆತಿದ್ದರು.

ಆ ಪ್ರಶ್ನೆ ಕೇಳಿದ ಬಾಲಕಿ ಈ ಸಭೆಯಲ್ಲಿ ಎಲ್ಲಿಯೋ ಕುಳಿತಿರಬಹುದು. ಅವಳಿಗೆ ಹೇಳುತ್ತೇನೆ: ಮಗೂ, ನೀನು ಕೇಳಿದ್ದು ಸರಿಯಾಗಿಯೇ ಇತ್ತು. ಇನ್ನೊಮ್ಮೆ ಕೇಳು, ಈ ಸಲ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ದೇವರು ಈ ಶಾಲೆಯನ್ನೂ ಇಲ್ಲಿಗೆ ಮಕ್ಕಳನ್ನು ಕಳುಹಿಸುವ ಎಲ್ಲ ಮನೆಗಳನ್ನೂ ಆಶೀರ್ವದಿಸಲಿ.